ಸುದ್ದಿ ಕರ್ನಾಟಕದ್ದು, ತೆರಿಗೆ ಕೇರಳದ್ದು

2025ರ ಏಪ್ರಿಲ್ 1ರಂದು ಕರ್ನಾಟಕದಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆ ಶೇ 18.44ರಿಂದ ಶೇ 21.17ಕ್ಕೆ ಏರಿತು. ಕನ್ನಡ ಚಾನೆಲ್‌ಗಳಲ್ಲಿ ಅದು ದಿನವಿಡೀ ಸುದ್ದಿ. ಗಡಿಯಾಚೆ, ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕದ ಮನೆಗಳಲ್ಲೂ ಜನ ಅದನ್ನೇ ನೋಡಿದರು. ಆದರೆ ಅಲ್ಲಿನ ಪಂಪ್‌ಗಳಲ್ಲಿ ಈ ಏರಿಕೆಯಿಂದ ಏನೂ ಬದಲಾಗಲಿಲ್ಲ.

ಒಂದು ವಾರದ ನಂತರ ಕೇಂದ್ರ ಸರ್ಕಾರ ಪೆಟ್ರೋಲ್, ಡೀಸೆಲ್ ಮೇಲಿನ ಅಬಕಾರಿ ಸುಂಕವನ್ನು ಲೀಟರಿಗೆ 2 ರೂ. ಏರಿಸಿತು. ಆಗಲೂ ಪಂಪಿನ ದರ ಏರಲಿಲ್ಲ. ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಇಳಿದವು, ಎಲ್ಲವೂ ಅಗ್ಗ ಎಂದು ಟಿವಿ ಹೇಳಿತು. ಪೆಟ್ರೋಲ್ ಮಾತ್ರ ಇಳಿಯಲಿಲ್ಲ.

ಅದೇ ಏಪ್ರಿಲ್ 1ರಂದು ಕಾಸರಗೋಡಿನವರನ್ನು ನೇರವಾಗಿ ತಟ್ಟುವ ಇನ್ನೊಂದು ಏರಿಕೆ ಜಾರಿಗೆ ಬಂದಿತ್ತು. ಕೇರಳದ ಭೂತೆರಿಗೆ, ಹಳಬರ ಮಾತಿನಲ್ಲಿ ತೀರ್ವೆ, ಶೇ 50ರಷ್ಟು ಜಾಸ್ತಿಯಾಯಿತು. ಬೆಂಗಳೂರಿನಿಂದ ಬರುವ ಕನ್ನಡ ಸುದ್ದಿಗೆ ಇದರ ಗೊಡವೆ ಇರಲಿಲ್ಲ.

ತೆರಿಗೆ ಏರಿತು ಎಂದ ಕಡೆ ಬೆಲೆ ಏರುವುದಿಲ್ಲ, ಇಳಿಯಿತು ಎಂದ ಕಡೆ ಇಳಿಯುವುದಿಲ್ಲ, ನಿಜವಾಗಿ ಏರಿದ್ದು ಕಿವಿಗೇ ಬೀಳುವುದಿಲ್ಲ. ಗೊಂದಲ ಆಗುವುದು ಸಹಜ ಅಲ್ವಾ? ಇದಕ್ಕೆ ಓದುಗರ ಅಜ್ಞಾನ ಕಾರಣವಲ್ಲ. ಸುದ್ದಿ ಬರುವ ದಾರಿ ಮತ್ತು ತೆರಿಗೆ ಹೋಗುವ ದಾರಿ, ಇವೆರಡೂ ಈ ಜಿಲ್ಲೆಯಲ್ಲಿ ಬೇರೆ ಬೇರೆ.

ಭಾಷೆ ತಲಪಾಡಿ ಗಡಿ ದಾಟುತ್ತದೆ, ತೆರಿಗೆ ದಾಟುವುದಿಲ್ಲ

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಓದು, ಪತ್ರಿಕೆ, ಯಕ್ಷಗಾನ, ಆಸ್ಪತ್ರೆ, ಮದುವೆ ಜವಳಿ ಇವೆಲ್ಲಕ್ಕೂ ಇಲ್ಲಿನ ಕನ್ನಡಿಗರ ನಂಟು ಮಂಗಳೂರಿನ ಕಡೆಗೇ ಉಳಿಯಿತು. ವಿಲ್ಲೇಜ್ ಆಫೀಸು, ಪಂಚಾಯತು, ಆರ್‌ಟಿಒ, ರಿಜಿಸ್ಟ್ರಾರ್ ಕಚೇರಿ ಮಾತ್ರ ತಿರುವನಂತಪುರದ ಮಾತು ಕೇಳುತ್ತವೆ.

ಹಾಗಾಗಿ 'ರಾಜ್ಯ ಸರ್ಕಾರ ತೆರಿಗೆ ಏರಿಸಿದೆ' ಎಂಬ ಒಂದು ಸಾಲು ಕನ್ನಡದಲ್ಲಿ ಕಂಡರೆ, ಯಾವ ರಾಜ್ಯ ಎಂದು ಮೊದಲು ಕೇಳಬೇಕಾಗುತ್ತದೆ. ಕರ್ನಾಟಕದ ಪುತ್ತೂರಿನ ಓದುಗರಿಗೆ ಆ ಪ್ರಶ್ನೆಯೇ ಹುಟ್ಟುವುದಿಲ್ಲ. ಕಾಸರಗೋಡಿನ ಪೆರ್ಲದ ಓದುಗರಿಗೆ ದಿನಾ ಹುಟ್ಟುತ್ತದೆ. ಶೀರ್ಷಿಕೆ ಬರೆಯುವವರು ಮಾತ್ರ ಪುತ್ತೂರಿನ ಓದುಗರನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಾರೆ.

ಒಂದು ಲೀಟರ್ ಪೆಟ್ರೋಲಿನಲ್ಲಿ ಯಾರ ಪಾಲು ಎಷ್ಟು

ಜಿಎಸ್‌ಟಿ ಇಳಿದರೂ ಪೆಟ್ರೋಲ್ ಯಾಕೆ ಇಳಿಯಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಸರಳ. ಪೆಟ್ರೋಲ್, ಡೀಸೆಲ್, ಕಚ್ಚಾ ತೈಲ, ನೈಸರ್ಗಿಕ ಅನಿಲ ಮತ್ತು ವಿಮಾನದ ಇಂಧನ ಈಗಲೂ ಜಿಎಸ್‌ಟಿಯ ಹೊರಗಿವೆ. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ರಾಜ್ಯಗಳು ಇವನ್ನು ಬಿಟ್ಟುಕೊಡಲಿಲ್ಲ. ಕುಡಿಯುವ ಮದ್ಯವನ್ನೂ ಬಿಟ್ಟುಕೊಡಲಿಲ್ಲ. ತಾವೇ ದರ ಗೊತ್ತು ಮಾಡಬಹುದಾದ ದೊಡ್ಡ ಆದಾಯದ ಮೂಲಗಳು ರಾಜ್ಯಗಳಿಗೆ ಇಂಥವು ಕೆಲವಷ್ಟೇ ಉಳಿದಿದ್ದವು.

ಪೆಟ್ರೋಲಿಗೆ ಎರಡು ಕೈಗಳು ತೆರಿಗೆ ಹಾಕುತ್ತವೆ. ಕೇಂದ್ರದ ಅಬಕಾರಿ ಸುಂಕ ಲೀಟರಿಗೆ ಇಂತಿಷ್ಟು ರೂಪಾಯಿ ಎಂದು ನಿಗದಿಯಾಗಿರುತ್ತದೆ. ಅದರ ಮೇಲೆ ರಾಜ್ಯದ ಮಾರಾಟ ತೆರಿಗೆ ಬರುತ್ತದೆ, ಇದು ಹೆಚ್ಚಾಗಿ ಶೇಕಡಾ ಲೆಕ್ಕ. ಕೇರಳದಲ್ಲಿ ಪೆಟ್ರೋಲಿಗೆ ಶೇ 30.08, ಡೀಸೆಲಿಗೆ ಶೇ 22.76. ಇದರ ಜೊತೆಗೆ ಲೀಟರಿಗೆ 1 ರೂ. ಹೆಚ್ಚುವರಿ ಮಾರಾಟ ತೆರಿಗೆ, ಶೇ 1 ಸೆಸ್ (ಒಂದು ಗೊತ್ತಾದ ಉದ್ದೇಶಕ್ಕೆಂದು ಹಾಕುವ ಉಪತೆರಿಗೆ), ಮತ್ತು 2023ರ ಏಪ್ರಿಲಿನಿಂದ 2 ರೂ. ಸಾಮಾಜಿಕ ಭದ್ರತಾ ಸೆಸ್.

ರಾಜ್ಯದ ಶೇಕಡಾ ತೆರಿಗೆಯನ್ನು ಲೆಕ್ಕ ಹಾಕುವುದು ಕೇಂದ್ರದ ಸುಂಕ ಸೇರಿದ ಮೇಲಿನ ಮೊತ್ತಕ್ಕೆ. ಅಂದರೆ ತೆರಿಗೆಯ ಮೇಲೂ ತೆರಿಗೆ. ಇದೊಂದನ್ನು ನೆನಪಿಟ್ಟುಕೊಂಡರೆ ಮುಂದಿನ ಕಥೆ ಸುಲಭ.

2 ರೂಪಾಯಿ 41 ಪೈಸೆಯ ಪಾಠ

2022ರ ಮೇ 21ರಂದು ಕೇಂದ್ರ ಸರ್ಕಾರ ಪೆಟ್ರೋಲಿನ ಸುಂಕವನ್ನು 8 ರೂ., ಡೀಸೆಲಿನ ಸುಂಕವನ್ನು 6 ರೂ. ಇಳಿಸಿತು. ಅದರ ಬೆನ್ನಿಗೇ ಕೇರಳ ಸರ್ಕಾರದ ಪ್ರಕಟಣೆ ಬಂತು: ರಾಜ್ಯದ ತೆರಿಗೆ ಪೆಟ್ರೋಲಿಗೆ 2.41 ರೂ., ಡೀಸೆಲಿಗೆ 1.36 ರೂ. ಕಡಿಮೆಯಾಗುತ್ತದೆ. ಇದು ಸರ್ಕಾರ ಮಾಡಿದ ಕಡಿತವೇ ಅಲ್ಲ ಎಂದು ವಿರೋಧ ಪಕ್ಷ ಹೇಳಿತು. ಎರಡು ದಿನ ಜಗಳ ನಡೆಯಿತು. ಬಹುತೇಕ ವರದಿಗಳು ಇವರು ಹೀಗೆಂದರು, ಅವರು ಹಾಗೆಂದರು ಎಂದು ಬರೆದು ಸುಮ್ಮನಾದವು.

ಒಂದು ಗುಣಾಕಾರ ಮಾಡಿ ನೋಡಿ. 8 ರೂಪಾಯಿಗೆ ಶೇ 30.08 ಎಷ್ಟು? 2 ರೂಪಾಯಿ 41 ಪೈಸೆ. 6 ರೂಪಾಯಿಗೆ ಶೇ 22.76 ಎಷ್ಟು? 1 ರೂಪಾಯಿ 36 ಪೈಸೆ, ಕೊನೆಯಲ್ಲಿ ಅರ್ಧ ಪೈಸೆ ಉಳಿಯುತ್ತದೆ. ಕೇಂದ್ರದ ಸುಂಕ ಇಳಿದದ್ದರಿಂದ ರಾಜ್ಯ ತೆರಿಗೆ ಹಾಕುವ ಮೊತ್ತವೇ ಇಳಿಯಿತು. ಹಾಗಾಗಿ ದರವನ್ನು ಮುಟ್ಟದೆಯೇ ತೆರಿಗೆ ಅಷ್ಟು ಕಡಿಮೆಯಾಯಿತು.

ಹಾಗಾದರೆ ಸರ್ಕಾರ ಹೇಳಿದ್ದು ಸುಳ್ಳೇ? ರೂಪಾಯಿ ಲೆಕ್ಕದಲ್ಲಿ ಸುಳ್ಳಲ್ಲ. ಗ್ರಾಹಕರು ರಾಜ್ಯಕ್ಕೆ ಕಟ್ಟುವ ತೆರಿಗೆ ನಿಜವಾಗಿಯೂ ಅಷ್ಟು ಇಳಿಯಿತು, ಖಜಾನೆಗೆ ಅಷ್ಟು ನಷ್ಟವೂ ಆಯಿತು. ಆದರೆ ತೆರಿಗೆ ದರ ಇಳಿಸುವ ತೀರ್ಮಾನವನ್ನು ರಾಜ್ಯ ತೆಗೆದುಕೊಂಡಿರಲಿಲ್ಲ. 'ಇಳಿಯಿತು' ಮತ್ತು 'ಇಳಿಸಿದರು' ಎಂಬ ಎರಡು ಕ್ರಿಯಾಪದಗಳ ನಡುವಿನ ಅಂತರ ಅದು. ಇನ್ನೊಂದು ಮಗ್ಗುಲೂ ಇದೆ. ಕಚ್ಚಾ ತೈಲದ ಬೆಲೆ ಏರಿ ಪೆಟ್ರೋಲ್ ತುಟ್ಟಿಯಾದಾಗ, ರಾಜ್ಯದ ಪಾಲೂ ಹೀಗೆಯೇ ತಾನಾಗಿ ಏರುತ್ತದೆ. ಆಗ ಯಾವ ಸರ್ಕಾರವೂ ಪ್ರಕಟಣೆ ಕೊಡುವುದಿಲ್ಲ.

ಈ ಗುಣಾಕಾರಕ್ಕೆ ಮೊಬೈಲಿನ ಕ್ಯಾಲ್ಕುಲೇಟರ್ ಸಾಕು. ಸುದ್ದಿಮನೆಯಲ್ಲಿ ಯಾರಾದರೂ ಒಬ್ಬರು ಅದನ್ನು ಮಾಡಿ ಮೊದಲ ಸಾಲಿನಲ್ಲೇ ಹಾಕಿದ್ದರೆ ಜಗಳ ಅಲ್ಲಿಗೇ ಮುಗಿಯುತ್ತಿತ್ತು. ಓದುಗರು ಪತ್ರಿಕೆಯಿಂದ ಬಯಸುವುದು ಇಂಥ ಕೆಲಸವನ್ನೇ.

3, 4, 15: ಮೂರೂ ನಿಜ

2024ರ ಜೂನಿನಲ್ಲಿ ಕರ್ನಾಟಕ ಪೆಟ್ರೋಲಿನ ತೆರಿಗೆಯನ್ನು ಶೇ 25.92ರಿಂದ ಶೇ 29.84ಕ್ಕೆ ಏರಿಸಿತು. ಬೆಂಗಳೂರಿನಲ್ಲಿ 99.84 ರೂ. ಇದ್ದ ಪೆಟ್ರೋಲ್ ಸುಮಾರು 3 ರೂ. ತುಟ್ಟಿಯಾಯಿತು.

ಇದನ್ನು ಮೂರು ಬಗೆಯಲ್ಲಿ ಹೇಳಬಹುದು. ಬೆಲೆ ಎಷ್ಟು ಏರಿತು ಎಂದರೆ ಶೇ 3. ದರಪಟ್ಟಿಯ ಸಂಖ್ಯೆ ಎಷ್ಟು ಮೇಲೆ ಹೋಯಿತು ಎಂದರೆ 26ರಿಂದ 30ಕ್ಕೆ, ಸುಮಾರು 4. ತೆರಿಗೆ ತಾನೇ ಎಷ್ಟು ಬೆಳೆಯಿತು ಎಂದರೆ, 25.92ರ ಮೇಲೆ 3.92 ಕೂಡಿತು, ಅಂದರೆ ಶೇ 15. ಸರ್ಕಾರದ ಪರ ಇರುವವರು 3 ಎನ್ನುತ್ತಾರೆ. ವಿರೋಧಿಸುವವರು 15 ಎನ್ನುತ್ತಾರೆ. ಎರಡನ್ನೂ ಕೇಳಿದವರಿಗೆ ಯಾರೋ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಅನ್ನಿಸುತ್ತದೆ. ಇಲ್ಲಿ ಸುಳ್ಳು ಯಾರದ್ದೂ ಅಲ್ಲ, ಯಾವುದರ ಶೇಕಡಾ ಎಂದು ಯಾರೂ ಹೇಳಲಿಲ್ಲ ಅಷ್ಟೆ.

ಭೂತೆರಿಗೆಗೂ ಇದೇ ಮಾತು. ಶೇ 50 ಎಂದ ಕೂಡಲೇ ಎದೆ ಧಸಕ್ಕೆನ್ನುತ್ತದೆ. ಗ್ರಾಮ ಪಂಚಾಯತಿನಲ್ಲಿ ಕೆಳಗಿನ ಹಂತದ ದರ ಆರ್ ಒಂದಕ್ಕೆ 5 ರೂ. ಇದ್ದದ್ದು 7.50 ರೂ. ಆಯಿತು. ಒಂದು ಆರ್ ಎಂದರೆ ಸುಮಾರು ಎರಡೂವರೆ ಸೆಂಟ್ಸ್. ಹತ್ತು ಸೆಂಟ್ಸ್ ಮನೆ ಜಾಗಕ್ಕೆ ವರ್ಷಕ್ಕೆ 20 ರೂ. ಕಟ್ಟುತ್ತಿದ್ದವರು ಈಗ 30 ರೂ. ಕಟ್ಟಬೇಕು. ದೊಡ್ಡ ಜಾಗಕ್ಕೆ ದರದ ಹಂತ ಬೇರೆ. ಎರಡು ಎಕರೆ ಅಡಿಕೆ ತೋಟಕ್ಕೆ ಏರಿಕೆ ವರ್ಷಕ್ಕೆ ಸುಮಾರು 300 ರೂ. ಆಗುತ್ತದೆ. ತಿಂಗಳಿಗೆ ಹತ್ತು ಲೀಟರ್ ಪೆಟ್ರೋಲ್ ಹಾಕಿಸುವ ಸ್ಕೂಟರ್ ಮಾಲೀಕರು 2 ರೂ. ಸೆಸ್ ಒಂದರಿಂದಲೇ ವರ್ಷಕ್ಕೆ 240 ರೂ. ಹೆಚ್ಚು ಕೊಡುತ್ತಾರೆ. ಶೇ 50 ಎಂದದ್ದು ಕಿವಿಗೆ ದೊಡ್ಡದಾಗಿ ಕೇಳಿಸಿತು, ಲೀಟರಿಗೆ 2 ರೂಪಾಯಿ ಸಣ್ಣದಾಗಿ ಕೇಳಿಸಿತು. ಮನೆಯ ಖರ್ಚಿನಲ್ಲಿ ಎರಡೂ ಹತ್ತಿರ ಹತ್ತಿರ.

ಹಾಗೆಂದು ತೀರ್ವೆ ಏರಿಸಿದ್ದು ಸರಿ ಎಂದಲ್ಲ. ಕೊಳೆರೋಗದಿಂದ ಫಸಲು ಹೋದ ವರ್ಷವೂ ತೀರ್ವೆ ಕಟ್ಟಲೇಬೇಕು. ಅದು ಬೆಳೆಗಾರರ ನ್ಯಾಯವಾದ ದೂರು, ಶೇಕಡಾ ಸಂಖ್ಯೆಯ ಗದ್ದಲದಲ್ಲಿ ಅದು ಮರೆಯಾಯಿತು.

ಗಡಿಯ ಪಂಪುಗಳ ಕಥೆ

ಮಂಗಳೂರಿನ ಕಡೆ ಹೋಗುವವರು ತಲಪಾಡಿ ದಾಟಿದ ಮೇಲೆ ಪೆಟ್ರೋಲ್ ಹಾಕಿಸುವುದು ಈಗ ರೂಢಿ. ಕರ್ನಾಟಕದಲ್ಲಿ ತೆರಿಗೆ ಯಾವಾಗಲೂ ಕಡಿಮೆ ಎಂದು ಹಲವರ ನಂಬಿಕೆ. ಅದು ನಿಜವಲ್ಲ.

2021ರ ನವೆಂಬರ್ ತನಕ ಕರ್ನಾಟಕದ ದರ ಪೆಟ್ರೋಲಿಗೆ ಶೇ 35, ಡೀಸೆಲಿಗೆ ಶೇ 24 ಇತ್ತು. ಕೇರಳದ ದರವೇ ಕಡಿಮೆ. ಆ ದೀಪಾವಳಿಗೆ ಕೇಂದ್ರ ಪೆಟ್ರೋಲಿಗೆ 5 ರೂ., ಡೀಸೆಲಿಗೆ 10 ರೂ. ಸುಂಕ ಇಳಿಸಿತು. ಕರ್ನಾಟಕ ತನ್ನ ಕಡೆಯಿಂದ ಇನ್ನೂ 7 ರೂ. ಇಳಿಸಿತು. ಕೇರಳ ಇಳಿಸಲಿಲ್ಲ. ತಾನು ಆರು ವರ್ಷಗಳಿಂದ ದರ ಏರಿಸಿಯೇ ಇಲ್ಲ, ಏರಿಸಿದವರು ಇಳಿಸಲಿ ಎಂಬುದು ಕೇರಳದ ವಾದ. ಅಲ್ಲಿಂದ ಅಂತರ ತಿರುಗಿತು. 2023ರಲ್ಲಿ ಕೇರಳದ 2 ರೂ. ಸೆಸ್ ಬಂದು ಅಂತರ ಇನ್ನಷ್ಟು ಹಿಗ್ಗಿತು. 2024ರಲ್ಲಿ ಕರ್ನಾಟಕ ಏರಿಸಿದಾಗ ತುಸು ಕುಗ್ಗಿತು.

ಈಗ ಪೆಟ್ರೋಲಿನ ಶೇಕಡಾ ದರ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಅಲ್ಲಿ 29.84, ಇಲ್ಲಿ 30.08. ಆದರೂ ಬೆಲೆಯಲ್ಲಿ ಕೆಲವು ರೂಪಾಯಿ ವ್ಯತ್ಯಾಸ ಉಳಿದಿದೆ. ಅದರ ದೊಡ್ಡ ಪಾಲು ಕೇರಳದ ಆ 1 ರೂ. ಹೆಚ್ಚುವರಿ ತೆರಿಗೆ ಮತ್ತು 2 ರೂ. ಸೆಸ್‌ನದ್ದು. ಶೇಕಡಾ ದರವನ್ನಷ್ಟೇ ಹೋಲಿಸುವ ಪಟ್ಟಿಗಳಲ್ಲಿ ಇದು ಕಾಣುವುದೇ ಇಲ್ಲ.

ಸೆಸ್ ಯಾಕೆ ಹಾಕಿದರು? ತಿಂಗಳಿಗೆ 1,600 ರೂ. ಇದ್ದ ಕ್ಷೇಮ ಪಿಂಚಣಿಗೆ ಹಣ ಹೊಂದಿಸಲು ಎಂದು 2023-24ರ ಬಜೆಟಿನಲ್ಲಿ ಹಣಕಾಸು ಸಚಿವ ಕೆ.ಎನ್. ಬಾಲಗೋಪಾಲ್ ಹೇಳಿದ್ದರು. ಪಿಂಚಣಿ 2025ರ ನವೆಂಬರಿನಿಂದ 2,000 ರೂ. ಆಯಿತು. ಸೆಸ್ ಬೇಕು ಎನ್ನುವವರ ಮಾತು ಇದು: ದುಡಿಯಲಾಗದ ಹಿರಿಯರಿಗೆ ಹಣ ಎಲ್ಲಿಂದಾದರೂ ಬರಲೇಬೇಕು, ಕೇಂದ್ರ ಸಾಲದ ಮಿತಿಯನ್ನು ಬಿಗಿ ಮಾಡಿದೆ. ಬೇಡ ಎನ್ನುವವರು ಹೇಳುವುದು: ಡೀಸೆಲ್ ಮೇಲೆ ಹಾಕಿದ್ದು ಅಕ್ಕಿ, ತರಕಾರಿ, ಬಸ್ಸಿನ ಖರ್ಚಿನ ಮೇಲೂ ಬಂದು ಕೂರುತ್ತದೆ, ಪಿಂಚಣಿ ಪಡೆಯುವ ಅಜ್ಜಿಯೂ ಅದನ್ನು ಕೊಡುತ್ತಾಳೆ.

ಗಡಿ ಜಿಲ್ಲೆಯಲ್ಲಿ ಮೂರನೆಯ ಒಂದು ಮಾತೂ ಸೇರುತ್ತದೆ. ತಲಪಾಡಿ ದಾಟಿ ಟ್ಯಾಂಕ್ ತುಂಬಿಸಿದರೆ ಕೇರಳಕ್ಕೆ 2 ರೂ. ಸೆಸ್ ಅಷ್ಟೇ ಅಲ್ಲ, ಶೇ 30ರ ಪೂರ್ತಿ ತೆರಿಗೆಯೂ ತಪ್ಪಿ ಹೋಗುತ್ತದೆ. ಆ ಹಣ ಕರ್ನಾಟಕಕ್ಕೆ. ಸೆಸ್ ಹಾಕುವಾಗ ಗಡಿಯಿಲ್ಲದ ಆಲಪ್ಪುಳದಲ್ಲಿ ಈ ಲೆಕ್ಕ ಬೇಕಾಗುವುದಿಲ್ಲ. ಮಂಜೇಶ್ವರದಲ್ಲಿ ಬೇಕಾಗುತ್ತದೆ, ಪುದುಚೇರಿಗೆ ಸೇರಿದ ಮಾಹೆಯ ಪಕ್ಕದ ಕಣ್ಣೂರಿನಲ್ಲೂ ಬೇಕಾಗುತ್ತದೆ.

'ನಮ್ಮ ತೆರಿಗೆ' ಎಂದರೆ ಯಾರದ್ದು?

2024ರ ಫೆಬ್ರವರಿ 7ರಂದು ದೆಹಲಿಯ ಜಂತರ್ ಮಂತರ್‌ನಲ್ಲಿ ಕರ್ನಾಟಕದ ಮುಖ್ಯಮಂತ್ರಿ ಸಿದ್ದರಾಮಯ್ಯ ಧರಣಿ ಕುಳಿತರು. 'ನಮ್ಮ ತೆರಿಗೆ, ನಮ್ಮ ಹಕ್ಕು' ಎಂಬುದು ಘೋಷಣೆ. ಮರುದಿನ ಅದೇ ಜಾಗದಲ್ಲಿ ಕೇರಳದ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಕುಳಿತರು. ಕರ್ನಾಟಕದ ಧರಣಿ ಕಾಂಗ್ರೆಸ್ ಸರ್ಕಾರದ್ದು, ಕೇರಳದ ಧರಣಿಗೆ ಅಲ್ಲಿನ ಕಾಂಗ್ರೆಸ್ ಬರಲಿಲ್ಲ. ದೂರು ಮಾತ್ರ ಎರಡೂ ಕಡೆ ಬಹಳಷ್ಟು ಒಂದೇ.

ದೂರಿನ ಬುಡ ಇದು. ಕೇಂದ್ರ ಸಂಗ್ರಹಿಸುವ ತೆರಿಗೆಯಲ್ಲಿ ಹಂಚಬೇಕಾದ ಭಾಗದ ಶೇ 41 ರಾಜ್ಯಗಳಿಗೆ ಎಂದು 15ನೇ ಹಣಕಾಸು ಆಯೋಗ ಹೇಳಿತು. ಅದರಲ್ಲಿ ಕರ್ನಾಟಕದ ಪಾಲು ಶೇ 4.713ರಿಂದ 3.647ಕ್ಕೆ ಇಳಿಯಿತು. ಕೇರಳದ್ದು 2.5ರಿಂದ 1.925ಕ್ಕೆ. ತಲಾ ಆದಾಯ ಹೆಚ್ಚಿರುವ ರಾಜ್ಯಕ್ಕೆ ಕಡಿಮೆ ಕೊಡುವ ಸೂತ್ರ ಒಂದು ಕಾರಣ, 1971ರದ್ದನ್ನು ಪೂರ್ತಿ ಬಿಟ್ಟು 2011ರ ಜನಸಂಖ್ಯೆಯನ್ನಷ್ಟೇ ಹಿಡಿದದ್ದು ಇನ್ನೊಂದು. ರಾಜ್ಯಗಳಿಗೆ ಹೋಗುವ ಮೊತ್ತ ವರ್ಷದಿಂದ ವರ್ಷಕ್ಕೆ ಏರಿದೆ ಎಂದು ಕೇಂದ್ರ ಉತ್ತರಿಸಿತು. ಇದೂ ನಿಜ, ಅದೂ ನಿಜ. ರೊಟ್ಟಿ ದೊಡ್ಡದಾದಾಗ ತುಂಡಿನ ಪಾಲು ಇಳಿದರೂ ತುಂಡು ದೊಡ್ಡದಾಗಬಹುದು.

ಹಂಚದ ಭಾಗದ ಮಾತು ಇದಕ್ಕಿಂತ ಮುಖ್ಯ. ಸೆಸ್ ಮತ್ತು ಸರ್ಚಾರ್ಜ್‌ಗಳಲ್ಲಿ ರಾಜ್ಯಗಳಿಗೆ ಪಾಲಿಲ್ಲ. 2025ರ ಏಪ್ರಿಲ್ ಏರಿಕೆಯ ನಂತರ ಪೆಟ್ರೋಲಿನ ಕೇಂದ್ರ ಸುಂಕ 21.90 ರೂ. ಆಯಿತು. ಅದರಲ್ಲಿ ಹಂಚಿಕೆಗೆ ಸಿಗುತ್ತಿದ್ದ ಮೂಲ ಸುಂಕ ಕೇವಲ 1.40 ರೂ. ಅದರ ಶೇ 41 ಎಂದರೆ ಎಲ್ಲ ರಾಜ್ಯಗಳಿಗೂ ಸೇರಿ 57 ಪೈಸೆ. ಅದರಲ್ಲಿ ಕೇರಳಕ್ಕೆ ಶೇ 1.925ರ ಲೆಕ್ಕದಲ್ಲಿ ಸುಮಾರು ಒಂದು ಪೈಸೆ. ಕುಂಬಳೆಯ ಪಂಪಿನಲ್ಲಿ ಕೇಂದ್ರಕ್ಕೆಂದು ಕೊಟ್ಟ 21.90 ರೂಪಾಯಿಯಲ್ಲಿ ಈ ದಾರಿಯಿಂದ ಕೇರಳಕ್ಕೆ ಆಗ ಮರಳುತ್ತಿದ್ದದ್ದು ಒಂದು ಪೈಸೆ. ಕೇಂದ್ರದ ಯೋಜನೆ, ಹೆದ್ದಾರಿಗಳ ಮೂಲಕವೂ ಹಣ ಬರುತ್ತದೆ ಎಂಬುದು ನಿಜ. ಆದರೆ ಅದನ್ನು ಎಲ್ಲಿ ಖರ್ಚು ಮಾಡಬೇಕು ಎಂದು ರಾಜ್ಯ ತೀರ್ಮಾನಿಸುವಂತಿಲ್ಲ.

ಇನ್ನು 'ನಮ್ಮ' ಎಂಬ ಪದ. ನೂರು ರೂಪಾಯಿ ಕೊಟ್ಟರೆ ವಾಪಸ್ ಬರುವುದು 12-13 ರೂಪಾಯಿ ಎಂದು ಕರ್ನಾಟಕ ಹೇಳುತ್ತದೆ. ಇಲ್ಲಿ 'ಕೊಟ್ಟ' ಎಂದರೆ ಕರ್ನಾಟಕದಲ್ಲಿ ಸಂಗ್ರಹವಾದ ತೆರಿಗೆ. ಬೆಂಗಳೂರಿನಲ್ಲಿ ಮುಖ್ಯ ಕಚೇರಿ ಇರುವ ಕಂಪನಿ ದೇಶದೆಲ್ಲೆಡೆ ದುಡಿದ ಲಾಭದ ತೆರಿಗೆಯೂ ಕರ್ನಾಟಕದ ಲೆಕ್ಕದಲ್ಲಿ ಕೂರುತ್ತದೆ. ಅನ್ಯಾಯದ ದೂರು ಇದರಿಂದ ಸುಳ್ಳಾಗುವುದಿಲ್ಲ. ನೂರರಲ್ಲಿ ಹನ್ನೆರಡು ಎಂಬ ಸಂಖ್ಯೆ ಮಾತ್ರ ಕಾಣುವಷ್ಟು ಗಟ್ಟಿಯಲ್ಲ.

ಕಾಸರಗೋಡಿನವರ ಹಣವೂ ಆ ಲೆಕ್ಕದಲ್ಲಿದೆ. ಮದುವೆಗೆ ಮಂಗಳೂರಿನ ಹಂಪನಕಟ್ಟೆಯಲ್ಲಿ ಜವಳಿ ತೆಗೆದು, ವಿಳಾಸ ಬರೆಸದೆ ಬಿಲ್ ಪಡೆದರೆ, ಆ ಜಿಎಸ್‌ಟಿಯಲ್ಲಿ ರಾಜ್ಯದ ಪಾಲು ಕರ್ನಾಟಕಕ್ಕೆ ಸೇರುತ್ತದೆ. 2023ರ ಅಕ್ಟೋಬರ್ 1ರಿಂದ ನಿಯಮ ಬದಲಾಗಿದೆ. ಬಿಲ್ಲಿನಲ್ಲಿ ಗ್ರಾಹಕರ ವಿಳಾಸ, ಕೊನೆಗೆ ರಾಜ್ಯದ ಹೆಸರಾದರೂ ಬರೆದಿದ್ದರೆ, ಆ ಪಾಲು ಗ್ರಾಹಕರ ರಾಜ್ಯಕ್ಕೆ ಹೋಗುತ್ತದೆ. ಗ್ರಾಹಕರಿಗೆ ಒಂದು ರೂಪಾಯಿಯೂ ಹೆಚ್ಚು ಬೀಳುವುದಿಲ್ಲ. ಈ ಭಾಗದಲ್ಲಿ ಮನೆಮನೆಗೂ ಗೊತ್ತಿರಬೇಕಾದ ಇಂಥ ನಿಯಮ ಯಾವ ಸುದ್ದಿಯಲ್ಲೂ ದೊಡ್ಡದಾಗಿ ಬಂದಂತಿಲ್ಲ.

ತೆರಿಗೆ ಕಟ್ಟುವವರು ಯಾರು?

ಚರ್ಚೆಗಳಲ್ಲಿ ಆಗಾಗ ಕೇಳುವ ಮಾತು: ಬೆರಳೆಣಿಕೆಯ ಜನ ತೆರಿಗೆ ಕಟ್ಟುತ್ತಾರೆ, ಉಳಿದವರು ಸುಮ್ನೆ ಸೌಲಭ್ಯ ಪಡೆಯುತ್ತಾರೆ. ಇದು ಆದಾಯ ತೆರಿಗೆಯೊಂದನ್ನೇ ತೆರಿಗೆ ಎಂದುಕೊಂಡಾಗ ಹುಟ್ಟುವ ತಪ್ಪು. 2025ರ ಬಜೆಟಿನ ನಂತರ ಹೊಸ ಪದ್ಧತಿಯಲ್ಲಿ 12 ಲಕ್ಷ ರೂ. ವರೆಗಿನ ಆದಾಯಕ್ಕೆ, ಬಂಡವಾಳ ಲಾಭದಂಥ ಕೆಲವನ್ನು ಬಿಟ್ಟರೆ, ರಿಯಾಯಿತಿಯ ಮೂಲಕ ತೆರಿಗೆ ಸೊನ್ನೆ. ಕೃಷಿ ಆದಾಯಕ್ಕೆ ಮೊದಲಿನಿಂದಲೂ ಕೇಂದ್ರದ ಆದಾಯ ತೆರಿಗೆ ಇಲ್ಲ. ಆದರೆ ಅಡಿಕೆ ಸುಲಿಯುವವರು, ಬೀಡಿ ಕಟ್ಟುವವರು, ರಿಕ್ಷಾ ಓಡಿಸುವವರು ಸಾಬೂನಿಗೂ ಡೀಸೆಲಿಗೂ ಎಲ್ಲರ ಹಾಗೆಯೇ ತೆರಿಗೆ ಕೊಡುತ್ತಾರೆ. ಅವರ ಗಳಿಕೆಗೆ ಹೋಲಿಸಿದರೆ ಆ ಪಾಲು ಶ್ರೀಮಂತರದ್ದಕ್ಕಿಂತ ದೊಡ್ಡದು.

ಜಿಎಸ್‌ಟಿ ಇಳಿದ ಮೇಲೆ ಮುಂದೇನು?

2025ರ ಸೆಪ್ಟೆಂಬರ್ 22ರ ಬದಲಾವಣೆಯಲ್ಲಿ ಶೇ 12 ಮತ್ತು 28ರ ಹಂತಗಳು ಬಹುಪಾಲು ಹೋಗಿ, ಮುಖ್ಯವಾಗಿ 5 ಮತ್ತು 18 ಉಳಿದವು. ಬೀಡಿ ಎಲೆಗೆ 18 ಇದ್ದದ್ದು 5 ಆಯಿತು, ಬೀಡಿಗೆ 28 ಇದ್ದದ್ದು 18 ಆದದ್ದು ಮಾತ್ರ 2026ರ ಫೆಬ್ರವರಿ 1ರಿಂದ. 350 ಸಿಸಿ ವರೆಗಿನ ಬೈಕುಗಳಿಗೂ 18. ವೈಯಕ್ತಿಕ ಆರೋಗ್ಯ ವಿಮೆಯ ಕಂತಿಗೆ ಸೊನ್ನೆ. ಎಲ್ಲವೂ ಇಳಿಯಲಿಲ್ಲ. 2,500 ರೂ. ಮೀರಿದ ಸಿದ್ಧ ಉಡುಪಿಗೆ 12 ಇದ್ದದ್ದು 18ಕ್ಕೆ ಏರಿತು.

ಈ ದರಗಳು ಮಂಗಳೂರಿಗೂ ಕಾಸರಗೋಡಿಗೂ ಒಂದೇ. ಗಡಿಯ ಪ್ರಶ್ನೆ ಬರುವುದು ಇದರ ನಂತರ. ಆದಾಯದ ನಷ್ಟ ಸುಮಾರು 48,000 ಕೋಟಿ ರೂ. ಎಂದು ಕೇಂದ್ರ ಅಂದಾಜು ಮಾಡಿತ್ತು. ಬಳಕೆ ಹೆಚ್ಚಿ ಅದು ತುಂಬುತ್ತದೆ ಎಂಬುದು ಅದರ ನಿರೀಕ್ಷೆ. ನಷ್ಟ ಅದಕ್ಕಿಂತ ಬಹಳ ಹೆಚ್ಚು, ಪರಿಹಾರ ಕೊಡಿ ಎಂದು ಕೇರಳ, ಕರ್ನಾಟಕ ಸೇರಿ ಎಂಟು ರಾಜ್ಯಗಳು ಕೇಳಿದವು. ರಾಜ್ಯಗಳಿಗೆ ಕಾನೂನಿನಂತೆ ಸಿಗುತ್ತಿದ್ದ ಪರಿಹಾರದ ಅವಧಿ 2022ರ ಜೂನಿಗೇ ಮುಗಿದಿದೆ.

ಪರಿಹಾರ ಬಾರದಿದ್ದರೆ ರಾಜ್ಯಗಳು ಎಲ್ಲಿ ಕೈ ಹಾಕುತ್ತವೆ? ತಮ್ಮ ಕೈಯಲ್ಲಿ ಉಳಿದಿರುವ ತೆರಿಗೆಗಳಿಗೆ. ಪೆಟ್ರೋಲ್, ಡೀಸೆಲ್, ಮದ್ಯ, ವಾಹನ ತೆರಿಗೆ, ಜಾಗದ ನೋಂದಣಿ, ತೀರ್ವೆ. ಸೂಚನೆಗಳು ಈಗಾಗಲೇ ಇವೆ. ಕೇರಳದ 2025ರ ಬಜೆಟ್ ತೀರ್ವೆಯ ಜೊತೆ 15 ವರ್ಷ ದಾಟಿದ ಬೈಕು, ಕಾರುಗಳ ತೆರಿಗೆಯನ್ನೂ ಶೇ 50 ಏರಿಸಿತು. ಕರ್ನಾಟಕ 2025ರ ಆಗಸ್ಟ್ 31ರಿಂದ ಆಸ್ತಿ ನೋಂದಣಿ ಶುಲ್ಕವನ್ನು ಶೇ 1ರಿಂದ 2ಕ್ಕೆ ಏರಿಸಿತು.

ಇವೆಲ್ಲ ತಲಪಾಡಿಯ ಆಚೆ ಒಂದು, ಈಚೆ ಇನ್ನೊಂದು ಇರುವ ತೆರಿಗೆಗಳು. ದೇಶಕ್ಕೆಲ್ಲ ಒಂದೇ ಇರುವ ತೆರಿಗೆ ಇಳಿದಷ್ಟೂ ರಾಜ್ಯಕ್ಕೊಂದು ಇರುವ ತೆರಿಗೆಯ ಮೇಲೆ ಭಾರ ಬೀಳುತ್ತದೆ. ಆಗ ಗಡಿಯ ಅಂತರ ಹಿಗ್ಗಬಹುದು, ಕುಗ್ಗಬಹುದು, ಎರಡು ಸರ್ಕಾರಗಳಲ್ಲಿ ಯಾರು ಮೊದಲು ಏರಿಸುತ್ತಾರೆ ಎಂಬುದರ ಮೇಲೆ ಅದು ನಿಂತಿದೆ. ಹಾಗಾಗಿ ಕಾಸರಗೋಡಿನವರು ಕಾದು ನೋಡಬೇಕಾದ ಸಾಲುಗಳು ಕೇರಳದ ಬಜೆಟಿನ ಕೊನೆಯ ಭಾಗದಲ್ಲಿರುತ್ತವೆ, ತೆರಿಗೆ ಪ್ರಸ್ತಾವಗಳನ್ನು ಓದುವ ಹೊತ್ತಿನಲ್ಲಿ. ಸೆಸ್ 2 ರೂಪಾಯಿಯಲ್ಲೇ ಉಳಿಯುತ್ತದೆಯೇ, ಆರ್ ಒಂದಕ್ಕೆ ಎಷ್ಟು, ಹಳೆಯ ಬೈಕಿಗೆ ಎಷ್ಟು. ಆ ಮೂರು ಸಂಖ್ಯೆಗಳು ಮರುದಿನವೇ ಕನ್ನಡದಲ್ಲಿ, ರೂಪಾಯಿ ಲೆಕ್ಕದಲ್ಲಿ, ಮಂಜೇಶ್ವರದ ಓದುಗರ ಕೈಗೆ ಸಿಗಬೇಕು.